ಯಾರ ಹೆಸರಿಗೆ ಜಮಾ?

ನಮ್ಮ ಸಭೆಯಲ್ಲಿ ಒಂದು ಪದ್ಧತಿಯುಂಟು. ಪರೀಕ್ಷೆಯ ಫಲಿತಾಂಶ ಬಂದ ಮೊದಲನೇ ಭಾನುವಾರ ಕಾಣಿಕೆಯ ಚೀಲ ಎಂದಿನ ಹಾಗೆ ಸೊರಗಿರುವುದಿಲ್ಲ; ಲಕೋಟೆಗಳಿಂದ ಉಬ್ಬಿಕೊಂಡಿರುತ್ತದೆ. ಪ್ರತಿ ಲಕೋಟೆಯ ಮೇಲೂ ಹೆಸರು, ಕಾರಣ, ಮೊತ್ತ. ಆರಾಧನೆ ಮುಗಿಯುವುದಕ್ಕೆ ಮುಂಚೆ ಕಾರ್ಯದರ್ಶಿಗಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದಾಗಿ ಓದುತ್ತಾರೆ. ಇಂಥವರ ಮಗ ಹತ್ತನೇ ತರಗತಿ ಪಾಸಾದದ್ದಕ್ಕೆ ಸ್ತೋತ್ರ ಕಾಣಿಕೆ 101 ರೂಪಾಯಿ. ಇಂಥವರ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದಕ್ಕೆ 501 ರೂಪಾಯಿ. ನಮ್ಮ ಬಳಗದ ಹೆಚ್ಚಿನ ಗೆಳೆಯರು ಚರ್ಚಿನ ಒಳಗನ್ನು ಕಂಡವರಲ್ಲವಾದ್ದರಿಂದ ಇಷ್ಟು ವಿವರ ಹೇಳಬೇಕಾಯಿತು. ನೀವು ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೀರಲ್ಲ, ಅದೇ ಇದು. ನಮ್ಮಲ್ಲಿ ಕಾಯಿಯ ಬದಲು ಲಕೋಟೆ, ಜೊತೆಗೆ ಧ್ವನಿವರ್ಧಕ.

ನಪಾಸಾದವರ ಲಕೋಟೆ ಇರುವುದಿಲ್ಲ. ಇರಬೇಕೆಂದು ಯಾರಿಗೂ ಅನ್ನಿಸುವುದೂ ಇಲ್ಲ. ಒಂದು ಸಲ ಮಾತ್ರ ಬಂದಿತ್ತು. ಬೆಟಗೇರಿ ಕಡೆಯ ಒಬ್ಬ ಮುದುಕಿ, ಮೊಮ್ಮಗ ಗಣಿತದಲ್ಲಿ ಉರುಳಿದ ವಾರವೇ 51 ರೂಪಾಯಿ ಹಾಕಿ, ಮೇಲೆ ಯಾರ ಕೈಲೋ 'ಹುಡುಗ ಫೇಲಾದದ್ದಕ್ಕೆ' ಎಂದು ಬರೆಸಿಬಿಟ್ಟಿದ್ದಳು. ಕಾರ್ಯದರ್ಶಿಗಳು ಲಕೋಟೆಯನ್ನು ನೋಡಿದರು, ತಿರುಗಿಸಿ ನೋಡಿದರು, ಕೆಮ್ಮಿದರು. ಕೊನೆಗೆ 'ವಿಶೇಷ ಕಾರಣಕ್ಕಾಗಿ' ಎಂದು ಓದಿ ಮುಂದಿನದಕ್ಕೆ ಹೋದರು. ಹೊರಗೆ ಬಂದ ಮೇಲೆ ಹೆಂಗಸರು ಮುದುಕಿಗೆ ಅರಳುಮರಳು ಎಂದು ನಕ್ಕರು. ನನ್ನವ್ವ ನಗಲಿಲ್ಲ.

ನನ್ನ ಸರದಿ ಬಂದದ್ದು ಹನ್ನೆರಡನೇ ತರಗತಿಯ ಫಲಿತಾಂಶ ಬಂದಾಗ. ಅಂಕ ಚೆನ್ನಾಗಿ ಬಂದಿದ್ದವು. ಅಂಥವರು ಲಕೋಟೆ ಹಾಕಿದರಷ್ಟೇ ಸಾಲದು, ಎದ್ದು ನಿಂತು ಸಾಕ್ಷಿಯನ್ನೂ ಹೇಳಬೇಕು. ಎದ್ದೆ. 'ನನ್ನದೇನೂ ಇಲ್ಲ, ಎಲ್ಲವನ್ನೂ ದೇವರೇ ಮಾಡಿದರು, ಅವರಿಗೇ ಸ್ತೋತ್ರ' ಅಂದೆ. ಎಲ್ಲರೂ ಆಮೆನ್ ಅಂದರು. ಕೂತ ಮೇಲೆ ನನ್ನ ಕಣ್ಣು ಪಕ್ಕದಲ್ಲಿ ಕೂತಿದ್ದ ಅವ್ವನ ಬಲಗೈ ಬೆರಳಿನ ಮೇಲೆ ಬಿತ್ತು. ಹೊಲಿಗೆ ಮಿಷನ್ನಿನ ಸೂಜಿ ಹೊಕ್ಕು ಉಗುರು ಕಪ್ಪಗಾಗಿತ್ತು. ಅಪ್ಪನಿಗೆ ಖಡಕಿಯ ಫ್ಯಾಕ್ಟರಿಯಿಂದ ನಿವೃತ್ತಿಯಾದ ಮೇಲೆ ನನ್ನ ಫೀಜು ಆ ಮಿಷನ್ನಿನಿಂದಲೇ ಬರುತ್ತಿತ್ತು. ಮೇ ತಿಂಗಳಿನಿಂದ ಜೂನ್ ಮುಗಿಯುವ ತನಕ ಶಾಲೆಯ ಸಮವಸ್ತ್ರಗಳ ಹೊಲಿಗೆ. ರಾತ್ರಿ ಒಂದಾದರೂ ಗಡಗಡ ಸದ್ದು ನಿಲ್ಲುತ್ತಿರಲಿಲ್ಲ. ನಾನು ಸಾಕ್ಷಿಯಲ್ಲಿ ಹೇಳಿದ್ದು ನಾನು ನಂಬಿದ ಮಾತೇ. ಆದರೂ ಆ ಬೆರಳು ನೋಡಿದ ಮೇಲೆ ತಲೆಯಲ್ಲಿ ಒಂದು ಲೆಕ್ಕದ ಪುಸ್ತಕ ತೆರೆದುಕೊಂಡಿತು. ಜಮಾ ಯಾರ ಹೆಸರಿಗೆ?

ಲೆಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಚಾಳಿನಲ್ಲಿ ಒಬ್ಬ ಮರಾಠಿ ಕಾಕಾ ಇದ್ದರು, ನಿವೃತ್ತ ಮಾಸ್ತರರು. ಎರಡು ವರ್ಷ, ಬಿಡಿಗಾಸು ತೆಗೆದುಕೊಳ್ಳದೆ ನನಗೆ ಗಣಿತ ಹೇಳಿಕೊಟ್ಟವರು. ಪೇಢೆ ಕೊಡಲು ಹೋದೆ. ಅವರು ಡಬ್ಬಿಯನ್ನು ಹಾಗೇ ಒಯ್ದು ಗಣಪತಿಯ ಮುಂದಿಟ್ಟು, ಕೈಮುಗಿದು, 'ಬಾಪ್ಪಾಚೀ ಕೃಪಾ' ಅಂದರು. ಮನೆಗೆ ಬಂದರೆ ಅವ್ವ 'ಯೇಸುಸ್ವಾಮಿ ದಯಾ' ಅಂತಿದ್ದಳು. ಅಂಕಪಟ್ಟಿ ಒಂದೇ, ಹಕ್ಕುದಾರರು ಇಬ್ಬರು! ಇಬ್ಬರ ಭಕ್ತರೂ ತಮಗೆ ಏನೂ ಬೇಡ ಅನ್ನುವವರು. ಇಂಥ ತಂಟೆ ಯಾವ ಕೋರ್ಟಿನಲ್ಲೂ ನಡೆದಿರಲಾರದು.

ನಿಜವಾದ ಪೆಟ್ಟು ಬಿದ್ದದ್ದು ಕಾಲೇಜಿಗೆ ಬಂದ ಮೇಲೆ. ನನ್ನ ಜೊತೆ ಸಂಖ್ಯಾಶಾಸ್ತ್ರ ಓದುವ ಗೆಳತಿಯೊಬ್ಬಳಿದ್ದಾಳೆ, ವಿಜಯಪುರದ ಕಡೆಯವಳು. ಪರೀಕ್ಷೆಯ ಹೊತ್ತಿಗೆ ಅವಳ ತಂದೆ ಹಾಸಿಗೆ ಹಿಡಿದಿದ್ದರು. ಊರಿಗೂ ಪುಣೆಗೂ ಓಡಾಡಿ ಎರಡು ಪೇಪರು ಕಳೆದುಕೊಂಡಳು. ನಾನು ಪಾಸಾದೆ. ಯಾರೋ ಅಭಿನಂದಿಸಿದಾಗ ಅಭ್ಯಾಸಬಲದಿಂದ 'ದೇವರ ಕೃಪೆ' ಅಂದೆ. ಅವಳು ಅಲ್ಲೇ ನಿಂತಿದ್ದಳು. ಸಿಟ್ಟಿಲ್ಲದೆ, ಬರೀ ಕೇಳಿದಳು: 'ಅಲ್ಲಲೇ, ನಿಮ್ಮ ದೇವ್ರು ನಿನ್ನ ಬೆಂಚಿನ ಮಟಾ ಬಂದು ಹೊಳ್ಳಿ ಹೋದ್ನೇನ? ನಂದು ನಿನ್ನ ಹಿಂದಿನ ಬೆಂಚ ಇತ್ತಲ್ಲ.'

ಈ ಪ್ರಶ್ನೆಗೆ ನಮ್ಮ ಸಭೆಯಲ್ಲಿ ಸಿದ್ಧ ಉತ್ತರಗಳಿವೆ. ದೇವರ ಯೋಜನೆ ಬೇರೆ, ದೇವರ ವೇಳೆ ಬೇರೆ, ಇತ್ಯಾದಿ. ಅವು ಸುಳ್ಳೆಂದು ನಾನು ಹೇಳಲಾರೆ. ಆದರೆ ಪಾಸಾದವಳು ನಪಾಸಾದವಳ ಎದುರು ನಿಂತು ಆಡಬಹುದಾದ ಮಾತುಗಳಲ್ಲ ಅವು. ನಾಲಿಗೆ ಏಳಲಿಲ್ಲ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. 'ದೇವರ ದಯೆ' ಎನ್ನುವುದು ಬರೀ ಕ್ರೈಸ್ತರ ಚಾಳಿಯಲ್ಲ ಎಂಬುದು ನಿಜ. ಕನ್ನಡದ ಯಾವ ಮನೆಯಲ್ಲಿ ಈ ಮಾತಿಲ್ಲ? ಕೆಲಸ ಮುಗಿಸಿ ಕೃಷ್ಣಾರ್ಪಣ ಅನ್ನುವವರುಂಟು, ಊಟಕ್ಕೆ ಮುಂಚೆ ಶಿವಾರ್ಪಣ ಅನ್ನುವವರುಂಟು. ನಾವು ಕ್ಲಾಸಿನಲ್ಲಿ ಓದುವ ವಚನಗಳನ್ನೇ ನೋಡಿ. ಬರೆದವರು ತಮ್ಮ ಹೆಸರು ಹಾಕಲಿಲ್ಲ, ದೇವರ ಹೆಸರು ಹಾಕಿದರು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ದಾಸರೂ ಅಷ್ಟೆ, ಪುರಂದರವಿಠಲ. ರಚನೆಯ ಶ್ರೇಯಸ್ಸನ್ನು ದೇವರ ಖಾತೆಗೆ ಹೀಗೆ ನೇರವಾಗಿ ಬರೆದುಕೊಟ್ಟ ಕವಿಗಳು ಹೆಚ್ಚಿಲ್ಲ. ಆದರೆ ಆದದ್ದೇನು? ಕೂಡಲಸಂಗಮದೇವ ಎಂದು ಬಂದ ಕೂಡಲೇ ನಾವು 'ಇದು ಬಸವಣ್ಣನವರದು' ಅನ್ನುತ್ತೇವೆ. ಪರೀಕ್ಷೆಯಲ್ಲಿ ಅಂಕಿತ ನೋಡಿ ಕವಿಯನ್ನು ಗುರುತಿಸಿರಿ ಎಂಬ ಪ್ರಶ್ನೆಯೂ ಬರುತ್ತದೆ. ದೇವರ ಹೆಸರು ಹಾಕಿದ್ದರಿಂದ ಮನುಷ್ಯ ಅಳಿಸಿಹೋಗಲಿಲ್ಲ. ಆ ಹೆಸರಿನಿಂದಲೇ ಅವನ ಗುರುತು ಹತ್ತಿತು. ನನ್ನ ಸಾಕ್ಷಿಯಲ್ಲಿ ಹೀಗಾಗಿರಲಿಲ್ಲ. ಅಲ್ಲಿ ದೇವರ ಹೆಸರಿನ ಹಿಂದೆ ಅವ್ವನ ಗುರುತು ಯಾರಿಗೂ ಹತ್ತುವಂತಿರಲಿಲ್ಲ.

ಇನ್ನೊಂದು ಬಗೆಯ ಸ್ತೋತ್ರವಿದೆ. ಎಲ್ಲರೂ ಕೇಳಿರುತ್ತೀರಿ. ಹೊಸ ಫ್ಲ್ಯಾಟು ಕೊಂಡವರು 'ದೇವರು ಕೊಟ್ಟ ಮನೆ' ಎಂದು ಕರೆದು, ಆಮೇಲೆ ಅಡುಗೆಮನೆಯ ಗ್ರಾನೈಟಿನಿಂದ ಹಿಡಿದು ಬಚ್ಚಲಿನ ನಲ್ಲಿಯ ತನಕ ಒಂದೊಂದರ ಬೆಲೆ ಹೇಳುತ್ತಾ ತೋರಿಸುತ್ತಾರೆ. ತನ್ನನ್ನು ತಾನು ಹೊಗಳಿಕೊಂಡರೆ ಜನ ಮುಖ ಮುರಿಯುತ್ತಾರೆ. ಅದನ್ನೇ ದೇವರ ಹೊಗಳಿಕೆಯ ಜೊತೆ ಸೇರಿಸಿದರೆ ಆಮೆನ್ ಅನ್ನಲೇಬೇಕು. ಲೂಕನ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೇಳಿದ ಫರಿಸಾಯನ ಕಥೆಯನ್ನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೆ. ಇತ್ತೀಚೆಗೆ ಓದುವಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು. ದೇವಾಲಯದಲ್ಲಿ ನಿಂತ ಆ ಫರಿಸಾಯ ತನ್ನ ಒಳ್ಳೆಯತನದ ಶ್ರೇಯಸ್ಸನ್ನು ತಾನು ತೆಗೆದುಕೊಳ್ಳುವುದೇ ಇಲ್ಲ. ಅವನ ಪ್ರಾರ್ಥನೆ ಶುರುವಾಗುವುದೇ ದೇವರ ಸ್ತೋತ್ರದಿಂದ. ತಾನು ಬೇರೆಯವರ ಹಾಗೆ ಇಲ್ಲದ್ದಕ್ಕೆ, ಅದರಲ್ಲೂ ಹಿಂದೆ ನಿಂತ ಆ ಸುಂಕದವನ ಹಾಗೆ ಇಲ್ಲದ್ದಕ್ಕೆ, ದೇವರಿಗೆ ಕೃತಜ್ಞತೆ ಹೇಳುತ್ತಾನೆ. ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ನಮ್ಮ ಸಭೆಯಾಗಿದ್ದರೆ ಆಮೆನ್ ಬೀಳುತ್ತಿತ್ತು. ಆದರೆ ನೀತಿವಂತನೆನಿಸಿ ಮನೆಗೆ ಹೋದವನು ಎದೆ ಬಡಿದುಕೊಂಡ ಸುಂಕದವನೇ ಹೊರತು ಇವನಲ್ಲ ಎಂದು ಕಥೆ ಮುಗಿಯುತ್ತದೆ. ಹಿಂದಿನ ಬೆಂಚಿನ ಕಡೆ ಓರೆಗಣ್ಣು ಹೋದ ಕ್ಷಣಕ್ಕೆ ಸ್ತೋತ್ರ ಕೆಟ್ಟಿತು.

ಹಾಗಾದರೆ 'ಎಲ್ಲಾ ನಾನೇ ಮಾಡಿದ್ದು' ಅನ್ನಬೇಕೋ? ಅದೂ ನನ್ನಿಂದಾಗದು. ಕಾಕಾ ನಮ್ಮ ಚಾಳಿಗೆ ಬರುವಂತೆ ನಾನು ಮಾಡಿದೆನೆ? ಅವ್ವನ ಹೊಟ್ಟೆಯಲ್ಲಿ ಹುಟ್ಟುವಂತೆ ಯಾವ ಅರ್ಜಿ ಹಾಕಿದ್ದೆ? ಗೆಳತಿಯ ಅಪ್ಪ ಮಲಗಿದ ಆ ವಾರ ನನ್ನಪ್ಪ ಆರೋಗ್ಯವಾಗಿದ್ದದ್ದು ನನ್ನ ಯಾವ ಶ್ರಮದ ಫಲ? ಪೌಲನು ಕೊರಿಂಥದವರಿಗೆ ಬರೆದ ಮೊದಲನೇ ಪತ್ರದಲ್ಲಿ ಈ ಎರಡನ್ನೂ ಒಟ್ಟಿಗೆ ಇಡುತ್ತಾನೆ. ಉಳಿದ ಅಪೊಸ್ತಲರಿಗಿಂತ ತಾನು ಹೆಚ್ಚು ದುಡಿದೆನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡು, ಅದೇ ಉಸಿರಿನಲ್ಲಿ ದುಡಿದದ್ದು ತಾನಲ್ಲ, ಕೃಪೆ ಅನ್ನುತ್ತಾನೆ. ದುಡಿದದ್ದನ್ನು ಅವನು ಮರೆಮಾಚುವುದಿಲ್ಲ. ಇದು ಬಾಯಿಮಾತಿಗೆ ಸುಲಭ. ಇದನ್ನು ಬಾಳಿ ತೋರಿಸುವುದು ಹೇಗೆ ಎಂದು ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಪೌಲನಿಂದ ಬಹಳ ಹತ್ತಿರದ ಒಂದು ಊರಿಗೆ ಬರುತ್ತದೆ.

ಪುಣೆಯಿಂದ ದೌಂಡ್ ಕಡೆಗೆ ಹೋಗುವ ಗಾಡಿ ಹತ್ತಿದರೆ ದಾರಿಯಲ್ಲಿ ಕೇಡಗಾಂವ್ ಸಿಗುತ್ತದೆ. ಅಲ್ಲಿರುವುದು ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್. ಮರಾಠಿಯವರು ರಮಾಬಾಯಿಯನ್ನು ತಮ್ಮವರೆಂದು ಹೇಳುತ್ತಾರೆ, ಹೇಳಲಿ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಅದೇ ಕಾಡು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಪುಣೆಯಲ್ಲಿ ಓದುವಾಗ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡು, ನನ್ನ ಹೆಂಡತಿಗೂ ಏಕೆ ಹೇಳಿಕೊಡಬಾರದು ಎಂದುಕೊಂಡ ಮನುಷ್ಯ. ಹಾಗೆ ಹೇಳಿಕೊಟ್ಟದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದರು. ಆ ತಾಯಿ ಲಕ್ಷ್ಮೀಬಾಯಿಯಿಂದಲೇ ಮಗಳು ಸಂಸ್ಕೃತ ಕಲಿತಳು.

ನನ್ನ ಪ್ರಶ್ನೆಗೆ ಸಂಬಂಧಪಟ್ಟದ್ದು ಆಮೇಲಿನ ಕಥೆ. ಗಂಗಾಮೂಲದ ಮನೆಗೆ ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಅನಂತಶಾಸ್ತ್ರಿಗಳಿಗೆ ಸಾಲವಾಯಿತು. ರಮೆ ಆರು ತಿಂಗಳ ಕೂಸಾಗಿದ್ದಾಗ ಬೆತ್ತದ ಬುಟ್ಟಿಯಲ್ಲಿ ಹೊತ್ತುಕೊಂಡು ತೀರ್ಥಯಾತ್ರೆಗೆ ಹೊರಟರು. ಕ್ಷೇತ್ರದಿಂದ ಕ್ಷೇತ್ರಕ್ಕೆ, ಪುರಾಣ ಹೇಳುತ್ತಾ, ಬಂದದ್ದನ್ನು ದಾನ ಮಾಡುತ್ತಾ. ಇದ್ದದ್ದೆಲ್ಲ ದೇವರಿಗೆ ಹೋಯಿತು. 1870ರ ದಶಕದ ಬರಗಾಲ ಬಂದಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ತಿರುಪತಿಯ ಹತ್ತಿರದ ಕಾಡಿನಲ್ಲಿ ನೀರು ಕುಡಿದು, ಎಲೆ ತಿಂದು ದಿನ ದೂಡಿದರು. ಪವಿತ್ರವಾದ ಕೆರೆಯೊಂದರಲ್ಲಿ ಮುಳುಗಿ ಪ್ರಾಣ ಬಿಡುತ್ತೇನೆಂದು ತಂದೆ ಹೊರಟಾಗ, ಕೂಲಿ ಮಾಡಿಯಾದರೂ ಸಾಕುತ್ತೇನೆಂದು ಮಗ ಶ್ರೀನಿವಾಸ ತಡೆದ. ಆದರೂ ತಂದೆ ಉಳಿಯಲಿಲ್ಲ. ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ಉಳಿದ ಅಣ್ಣತಂಗಿ ಸಾವಿರಾರು ಮೈಲಿ ನಡೆದು ಕಲ್ಕತ್ತೆ ಸೇರಿದರು. ಅಲ್ಲಿಯ ಪಂಡಿತರು 1878ರಲ್ಲಿ ಆ ಹುಡುಗಿಯನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಮದುವೆಯಾಗಿ ಎರಡು ವರ್ಷವೂ ತುಂಬುವ ಮೊದಲು, 1882ರಲ್ಲಿ, ಗಂಡ ಕಾಲರಾದಿಂದ ಸತ್ತ. ಕೈಯಲ್ಲಿ ಮನೋರಮೆ ಎಂಬ ಕೂಸು.

ಇಲ್ಲಿ ನಿಂತು ಯೋಚಿಸಬೇಕು. ಯಶಸ್ಸು ಭಕ್ತಿಯ ಕೂಲಿ ಎನ್ನುವುದಾದರೆ ಅನಂತಶಾಸ್ತ್ರಿಗಳ ಕೂಲಿ ಎಲ್ಲಿ? ಅವರ ಭಕ್ತಿಯಲ್ಲಿ ಕಡಿಮೆಯೇನಿತ್ತು? ನಾನು ವಾರಕ್ಕೊಂದು ತಾಸು ಬೆಂಚಿನ ಮೇಲೆ ಕೂತು ಬರುವವಳು. ಅವರು ಮನೆಮಾರು ಕಳೆದುಕೊಂಡವರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದ ರಮಾಬಾಯಿ, 1907ರಲ್ಲಿ ತಮ್ಮ ಸಾಕ್ಷಿಯನ್ನು ಒಂದು ಚಿಕ್ಕ ಪುಸ್ತಕವಾಗಿ ಬರೆದರು. ಎಂದೂ ಬರಿದಾಗದ ಭಂಡಾರದ ಸಾಕ್ಷಿ ಎಂಬರ್ಥದ ಹೆಸರು ಅದಕ್ಕೆ. ತಂದೆತಾಯಿ ನಂಬಿದ ದಾರಿ ಸುಳ್ಳೆಂದು ಅದರಲ್ಲಿ ಕಡ್ಡಿ ಮುರಿದಂತೆ ಹೇಳುತ್ತಾರೆ. ನಮ್ಮ ಸಭೆಯ ಹಿರಿಯರಿಗೆ ಆ ಭಾಗ ಬಹಳ ಇಷ್ಟ. ನನಗೆ ಅದಕ್ಕಿಂತ, ಹಸಿವಿನಿಂದ ಸತ್ತ ತಂದೆಯ ಕೊನೆಯ ದಿನಗಳನ್ನು ಅವರು ಬರೆದಿರುವ ರೀತಿ ಮನಸ್ಸಿಗೆ ತಟ್ಟಿತು. ಪ್ರಾಣ ಹೋಗುವ ಮುಂಚೆ ತಂದೆ ಕಿರಿಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಕೊಟ್ಟಿದ್ದೇನೆ, ಅವನ ಸೇವೆ ಮಾಡು ಎಂಬರ್ಥದ ಮಾತು ಹೇಳಿದರಂತೆ. ಆ ಮಾತನ್ನು ಮಗಳು ಮರೆಯಲಿಲ್ಲ, ತಳ್ಳಿಹಾಕಲೂ ಇಲ್ಲ. ದಾರಿ ಬೇರೆ ಹಿಡಿದರೂ ಆ ಸಾಲವನ್ನು ಅಪ್ಪನ ಹೆಸರಿನಲ್ಲೇ ಇಟ್ಟುಕೊಂಡರು ಎಂದು ನನಗೆ ಅನ್ನಿಸುತ್ತದೆ.

ರಮಾಬಾಯಿಗೆ ತಾವು ಮಾಡಿದ್ದು ಎಂದು ಹೇಳಿಕೊಳ್ಳಲು ಸಾಕಷ್ಟಿತ್ತು. ಅಮೆರಿಕಕ್ಕೆ ಹೋಗಿ, 1887ರಲ್ಲಿ ಇಂಗ್ಲಿಷಿನಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ ಪುಸ್ತಕ ಬರೆದು, ಊರೂರು ಭಾಷಣ ಮಾಡಿ, ಬಾಸ್ಟನ್ನಿನಲ್ಲಿ ಒಂದು ಸಂಘವನ್ನೇ ಎಬ್ಬಿಸಿದರು. ಆ ಸಂಘ ಹತ್ತು ವರ್ಷ ದುಡ್ಡು ಕೊಡಲು ಒಪ್ಪಿಕೊಂಡಿತು. 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನೇ 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಕರ್ವೆ ರಸ್ತೆಯಲ್ಲಿ ದಿನಾ ಓಡಾಡುವ ನಾವು ಇದನ್ನೊಮ್ಮೆ ನೆನೆಯಬೇಕು. ಅದೇ 1893ರಲ್ಲಿ ಮತಾಂತರದ ಗದ್ದಲವೆದ್ದು, ರಾನಡೆ, ಭಾಂಡಾರಕರ್ ಅವರಂಥವರು ಸಲಹಾಮಂಡಳಿಯಿಂದ ಹೊರಗೆ ಹೋದರು, ಎಷ್ಟೋ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಮತಾಂತರದ ಆ ವಾದ ದೊಡ್ಡದು, ಇಲ್ಲಿ ಬೇಡ.

1896ರಲ್ಲಿ ಲೋಣಾವಳಾದಲ್ಲಿ ಕ್ರೈಸ್ತರ ಒಂದು ಶಿಬಿರ ನಡೆಯಿತು. ತಮ್ಮ ಜೊತೆ ಆಗ ಇದ್ದ 15 ಮಂದಿ ಕ್ರೈಸ್ತ ಹುಡುಗಿಯರನ್ನು ಎಣಿಸಿ, ಮುಂದಿನ ಶಿಬಿರದ ಹೊತ್ತಿಗೆ ಈ ಸಂಖ್ಯೆಯನ್ನು ವರ್ಗ ಮಾಡಿಕೊಡು ಎಂದು ರಮಾಬಾಯಿ ದೇವರನ್ನು ಬೇಡಿದರು. ಹದಿನೈದು ಹದಿನೈದಲೆ 225. ಪ್ರಾರ್ಥನೆಯಲ್ಲಿ ವರ್ಗಸಂಖ್ಯೆ ಕೇಳಿದವರನ್ನು ನಾನಂತೂ ಬೇರೆ ಕಡೆ ಕಂಡಿಲ್ಲ. ಸಂಖ್ಯಾಶಾಸ್ತ್ರದವಳಾದ್ದರಿಂದ ಓದಿ ಖುಷಿಯಾಯಿತು. ಅಷ್ಟರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. ರಮಾಬಾಯಿ ಅಲ್ಲಿಗೆ ಹೋಗಿ, ಅನಾಥರಾದ ಹುಡುಗಿಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಬೇಡಿದ ಸಂಖ್ಯೆ ಕೂಡಿತು. ಸ್ತೋತ್ರ ದೇವರಿಗೆ ಎಂದು ಬರೆದರು.

ಗೆಳತಿಯ ಪ್ರಶ್ನೆ ಇಲ್ಲೂ ಎದ್ದು ನಿಲ್ಲುತ್ತದೆ. ಇವರ ಲೆಕ್ಕ ಕೂಡಿಸುವುದಕ್ಕೆ ಬರ ಬೀಳಬೇಕಾಗಿತ್ತೆ? ದಾರಿಯಲ್ಲಿ ಸತ್ತ ಮಕ್ಕಳ ಜಮಾ-ಖರ್ಚು ಯಾರ ಪುಸ್ತಕದಲ್ಲಿ? ಇದನ್ನು ಬಹಳ ದಿನ ಮನಸ್ಸಿನಲ್ಲಿ ಮೆಲುಕು ಹಾಕಿದೆ. ಆಮೇಲೆ ಗಮನಕ್ಕೆ ಬಂದದ್ದಿಷ್ಟು. ಬರದ ಸುದ್ದಿ ಬಂದಾಗ ರಮಾಬಾಯಿಗೆ ತಾವು ಅನುಭವಿಸಿದ ಹಸಿವಿನ ನೆನಪು ಬಂತು. ಆ ನೆನಪೇ ತಮ್ಮನ್ನು ಎಬ್ಬಿಸಿ ಹೊರಡಿಸಿತೆಂದು ಅವರು ಬರೆದಿದ್ದಾರೆ. ದೇವರು ಪ್ರಾರ್ಥನೆಗೆ ಕೊಟ್ಟ ಉತ್ತರ ಆಕಾಶದಿಂದ ಉದುರಲಿಲ್ಲ. ತಿರುಪತಿಯ ಕಾಡಿನಲ್ಲಿ ಎಲೆ ತಿಂದು ಬದುಕಿದ ಹುಡುಗಿಯ ಕಾಲುಗಳ ಮೇಲೆ ನಡೆದುಹೋಯಿತು. ತಾನು ಉಳಿದದ್ದು ತನ್ನ ಪುಣ್ಯದಿಂದಲ್ಲ ಎಂದು ತಿಳಿದವಳಿಗೆ, ಉಳಿಯದೆ ಹೋಗುವವರ ಕಡೆಗೆ ಸುಮ್ಮನೆ ನೋಡುತ್ತಾ ಕೂಡುವುದು ಸಾಧ್ಯವಿರಲಿಲ್ಲ. 'ಎಲ್ಲಾ ದೇವರದು' ಎಂದು ನಾವು ಹೇಳಿ ಹಗುರಾಗುತ್ತೇವೆ. ಅವರು ಹಾಗೆ ಹೇಳಿ ಭಾರ ಹೊತ್ತುಕೊಂಡರು. 1900ರ ಗುಜರಾತಿನ ಬರದ ನಂತರ ಮುಕ್ತಿಯಲ್ಲಿದ್ದವರ ಸಂಖ್ಯೆ ಒಂದೂವರೆ ಸಾವಿರ ದಾಟಿತ್ತು.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಮನುಷ್ಯರನ್ನು ಕೇಳದೆ ದೇವರನ್ನೇ ಕೇಳಿ ಸಂಸ್ಥೆ ನಡೆಸಿದರು ಎಂದು ಭಕ್ತಿಯ ಪುಸ್ತಕಗಳಲ್ಲಿ ಬರೆಯುತ್ತಾರೆ. ಬ್ರಿಸ್ಟಲಿನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮ್ಯುಲರ್ ಅವರಿಗೆ ಮಾದರಿ, ನಿಜ. ಆದರೆ ಮುಕ್ತಿಯಿಂದ 'ಮುಕ್ತಿ ಪ್ರೇಯರ್ ಬೆಲ್' ಎಂಬ ಇಂಗ್ಲಿಷ್ ಪತ್ರಿಕೆ ಹೊರಡುತ್ತಿತ್ತು. ಹೊರದೇಶದ ಓದುಗರಿಗೆ ಇಲ್ಲಿಯ ಕಷ್ಟಸುಖ ಅದರಿಂದ ಗೊತ್ತಾಗುತ್ತಿತ್ತು. ದೇವರ ಕಿವಿಗೆ ಹೇಳುವಾಗ ಪಕ್ಕದವರಿಗೂ ಕೇಳಿಸುವಷ್ಟು ದನಿ ಎತ್ತುತ್ತಿದ್ದರು ಎನ್ನಿ. ನನಗೆ ಇದರಲ್ಲಿ ಕಪಟವೇನೂ ಕಾಣುವುದಿಲ್ಲ. ಅಮೆರಿಕದ ಹತ್ತು ವರ್ಷದ ದುಡ್ಡು ನಿಂತರೆ ಗತಿಯೇನೆಂದು ಮೊದಲೇ ಯೋಚಿಸಿ ಕೇಡಗಾಂವ್‌ನಲ್ಲಿ ಹೊಲ ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸಿದ ಹೆಂಗಸು ಅವರು. ನೇಯ್ಗೆ, ಹೊಲಿಗೆ, ಅಚ್ಚಿನ ಮನೆ ಎಲ್ಲವನ್ನೂ ಹುಡುಗಿಯರ ಕೈಗೆ ಕೊಟ್ಟರು. ದೇವರ ಮೇಲೆ ಭಾರ ಹಾಕಿ ಕೈಕಟ್ಟಿ ಕೂತ ಜಾತಿಯವರಲ್ಲ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಒಳ್ಳೆಯದೆಲ್ಲ ದೇವರದೆಂದು ಹೇಳುವ ಬಾಯಿಗೆ ಕೆಟ್ಟದ್ದನ್ನೂ ದೇವರ ಚಿತ್ತವೆಂದು ಹೇಳಿ ಸುಮ್ಮನಾಗುವ ಅಭ್ಯಾಸ ಬೇಗ ಬರುತ್ತದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಬಂದು, ಸರ್ಕಾರದ ಪ್ಲೇಗ್ ಆಸ್ಪತ್ರೆ, ಕ್ಯಾಂಪುಗಳಲ್ಲಿ ಹೆಂಗಸರ ಗತಿ ಕೆಟ್ಟಿತು. ರಮಾಬಾಯಿ ಅದನ್ನು ದೇವರ ಚಿತ್ತ ಎನ್ನಲಿಲ್ಲ. ಪತ್ರಿಕೆಗೆ ಬರೆದು ಮುಂಬಯಿ ಸರ್ಕಾರವನ್ನೇ ತರಾಟೆಗೆ ತೆಗೆದುಕೊಂಡರು. ಮನುಷ್ಯರು ಮಾಡಿದ ಕೆಡಕನ್ನು ಮನುಷ್ಯರ ಖಾತೆಗೇ ಬರೆದರು. ಅದೇ ಬ್ರಿಟಿಷ್ ಸರ್ಕಾರ 1919ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

ಮಗಳು ಮನೋರಮಾಬಾಯಿ ತಾಯಿಯ ಬಲಗೈಯಾಗಿದ್ದರು. 1910ರ ದಶಕದಲ್ಲಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ನಮ್ಮ ಕಲಬುರಗಿಯಲ್ಲಿ, ಆಗ ಅದು ನಿಜಾಮರ ಸೀಮೆ, ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದದ್ದರಲ್ಲಿ ಅವರ ಪಾತ್ರ ದೊಡ್ಡದು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೋದ ಕೂಸಿನ ಮಗಳು ಕನ್ನಡದ ನೆಲಕ್ಕೆ ಶಾಲೆಯಾಗಿ ತಿರುಗಿ ಬಂದರು. ತಮ್ಮ ನಂತರ ಎಲ್ಲವನ್ನೂ ಅವರಿಗೇ ಒಪ್ಪಿಸಬೇಕೆಂದು ತಾಯಿ ಎಣಿಸಿದ್ದರು. 1921ರ ಜುಲೈಯಲ್ಲಿ ಮನೋರಮಾಬಾಯಿ ತೀರಿಕೊಂಡರು. ರಮಾಬಾಯಿಗೆ ಆಗ 63 ವರ್ಷ; ಕಿವಿ ಮೊದಲೇ ಮಂದವಾಗಿತ್ತು. ಈ ಹಂತದಲ್ಲಿ ಯಾವ ಲಕೋಟೆ ಹಾಕುತ್ತೀರಿ, ಹೇಳಿ. ಸೋದರರಿಲ್ಲ, ಗಂಡನಿಲ್ಲ, ಈಗ ಮಗಳೂ ಇಲ್ಲ. ಅವರ ಮೇಜಿನ ಮೇಲೆ ಸತ್ಯವೇದದ ಮರಾಠಿ ಅನುವಾದದ ಪ್ರೂಫುಗಳಿದ್ದವು. ಹಳ್ಳಿಯ ಹೆಂಗಸರಿಗೂ ಅರ್ಥವಾಗಬೇಕೆಂದು ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಮಾಡಿದ ಅನುವಾದ. ಮೊಳೆ ಜೋಡಿಸುತ್ತಿದ್ದವರು ಮುಕ್ತಿಯ ಹೆಂಗಸರೇ. ಪ್ರೂಫು ತಿದ್ದುತ್ತಲೇ ಹೋದರು. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಪುಸ್ತಕ ಹೊರಬಂದದ್ದು ಆಮೇಲೆ, 1924ರಲ್ಲಿ.

ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ರಾತ್ರಿ ಅವ್ವನನ್ನು ಕೇಳಿಯೇಬಿಟ್ಟೆ. ಮಿಷನ್ನಿನ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದಳು.

'ಯವ್ವಾ, ಅವತ್ತ ನಾ ಚರ್ಚಿನ್ಯಾಗ ಎಲ್ಲಾ ದೇವರ ಮಾಡ್ಯಾನ ಅಂದ್ನೆಲ್ಲಾ, ನಿನಗ ಕೆಟ್ಟ ಅನಸಲಿಲ್ಲೇನ?'

'ಯಾಕನಸಬೇಕವಾ?'

'ರಾತ್ರೆಲ್ಲಾ ಹೊಲದಾಕಿ ನೀನಲ್ಲಬೇ.'

ಅವ್ವ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿದಳು. 'ಹೊಲದಾಕಿ ನಾನ. ನನಗ ಆ ಎರಡು ವರ್ಷ ಜಡ್ಡು ಬರಲಿಲ್ಲಲ್ಲಾ, ಅದು ಯಾರದ ಅಂತಿ? ಕಾಕಾನ ಹೆಸರ ಹೇಳಿದ್ರ ಚೊಲೊ ಇತ್ತ ನೋಡ. ಆ ಮನಷ್ಯಾ ಬ್ಯಾರೆಯವರ ಮಗಳಿಗೆ ಅಷ್ಟ ದುಡದ.'

'ನಿನ್ನ ಹೆಸರು?'

'ನನ್ನದ್ಯಾಕ? ಮನ್ಯಾಗಿನವರಿಗೆ ಯಾರರ ರಸೀದಿ ಬರಕೊಡ್ತಾರೇನ?'

ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಅಂದಳು: 'ಆ ಮುದುಕಿ 51 ರೂಪಾಯಿ ಹಾಕಿದ್ಳಲ್ಲ, ಎಲ್ಲಾರೂ ನಕ್ರು. ಹುಡುಗ ನಪಾಸಾಗಿ ಮನಿ ಬಿಟ್ಟ ಓಡಿ ಹೋಗಿದ್ದ. ಮೂರನೇ ದಿನಾ ಹೊಳ್ಳಿ ಬಂದ. ಆಕಿ ರೊಕ್ಕಾ ಹಾಕಿದ್ದ ಅದಕ್ಕ. ಬರದಾಂವ ಅರ್ಧಾ ಬರದಿದ್ದ.'

ನಾನು ಸುಮ್ಮನಾದೆ. ಅವ್ವ ಇನ್ನೊಂದು ಅಂಗಿ ಎತ್ತಿಕೊಂಡಳು.

ಗೆಳತಿಗೆ ರಮಾಬಾಯಿಯ ಕಥೆಯನ್ನು ಪೂರಾ ಹೇಳಿದೆ. ಅನಂತಶಾಸ್ತ್ರಿಗಳ ಭಾಗ ಬಂದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಂದ್ರ ಹಿಂದಿನ ಬೆಂಚಿನವರಿಗೆ ನಿನ್ನ ಕಡೆ ಉತ್ತರಿಲ್ಲ' ಅಂದಳು. ಇಲ್ಲ ಅಂದೆ. ಉತ್ತರ ಇದೆಯೆಂದು ನಟಿಸಿದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ದೇವರ ಕೃಪೆ ಎನ್ನುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ, ಅದನ್ನೂ ಹೇಳಿದೆ. 'ಹೇಳ್ಕೊ, ನಾ ಬ್ಯಾಡ ಅಂದ್ನೇನ' ಎಂದು ನಕ್ಕಳು.

ಅವಳ ಮರುಪರೀಕ್ಷೆ ಮುಂದಿನ ತಿಂಗಳು. ಸಂಭವನೀಯತೆಯ ಲೆಕ್ಕಗಳು ಅವಳಿಗೆ ಇನ್ನೂ ಕೈಹತ್ತಿಲ್ಲ. ಕಾಕಾ ನನಗೆ ಹೇಳಿಕೊಟ್ಟ ಹಳೆಯ ನೋಟುಬುಕ್ಕುಗಳು ಟ್ರಂಕಿನ ತಳದಲ್ಲಿದ್ದವು; ಮೊನ್ನೆ ಹುಡುಕಿ ತೆಗೆದು ಧೂಳು ಒರೆಸಿಟ್ಟಿದ್ದೇನೆ. ಸಂಜೆ ಆರಕ್ಕೆ ಅವಳ ಹಾಸ್ಟೆಲಿಗೆ ಹೋಗಬೇಕು, ಎಂಟಕ್ಕೆ ಗೇಟು ಹಾಕಿಬಿಡುತ್ತಾರೆ.